ತುಂಬು ಮುರಿಯುವವಳ ರೋಜಾ

ಬ್ಯಾಡಗಿ ಪ್ಯಾಟಿ ಹಿಂದಿನ ಶೆಡ್ಡಿನ್ಯಾಗ
ನಾವು ಹದಿನಾಲ್ಕು ಮಂದಿ, ನಡುವ ಕೆಂಪನ್ನ ಗುಡ್ಡ.
ಕಿಲೋಕ್ಕ ಇಷ್ಟಂತ ಕೂಲಿ. ತುಂಬು ಮುರದು ಒಗೀಬೇಕು,
ಕಾಯಿ ಒಡೀಬಾರದು, ಬೀಜ ಚೆಲ್ಲಬಾರದು.
ಕೈ ದುಡೀತಾವ. ಬಾಯಿಗೆ ಕೂಲಿ ಇಲ್ಲ,
ಅದಕ್ಕ ಅದು ಪುಗಸಟ್ಟೆ ದುಡೀತೈತಿ.

ಹನ್ನೊಂದನೇ ರೋಜಾ ಅವತ್ತು.
ಸಹರಿಗೆ ತಿಂದ ರೊಟ್ಟಿ ಹತ್ತು ಗಂಟೇಕ ಕರಗಿತ್ತು.
ಘಾಟು ಮೂಗಿನ್ಯಾಗ, ಗಂಟಲದಾಗ.
ಉಗುಳು ನುಂಗಿದ್ರ ರೋಜಾ ಮುರೀತೈತೇನೋ ಅಂತ
ಮೂಲಿಗೆ ಹೋಗಿ ಹೋಗಿ ಉಗುಳಿ ಬರತಿದ್ದೆ.
ಅಷ್ಟು ಹುಷಾರಿ ನಾನು.

ಆಚೆ ತುದಿಗೆ ಮೌಲಾಬಿ ಚೀಲ ಹೊಲಿಯಾಕತ್ತಿದ್ಲು.
ನೀಲವ್ವ ಕೇಳಿದ್ಲು, ಆಕಿನೂ ಹಿಡದಾಳೇನು ಉಪಾಸ?
ನಾ ಅಂದೆ:
"ಹಿಡದಾಳ, ಹಿಡದಾಳ. ತೂಕದ ಮನಿ ಗ್ವಾಡಿ ಹಿಂದ
ತಂಬಿಗಿ ಹಿಡದದ್ದು ನಾನ ನೋಡೀನಿ, ಗಟಗಟ."
ನಕ್ಕರು. ಒಬ್ಬಾಕಿ ಸೀನಿದ್ಲು, ಮತ್ತ ನಕ್ಕರು.

ಸುಳ್ಳಲ್ಲ. ಖರೇನ ನೋಡಿದ್ದೆ.
ಯಾಕ ಕುಡದಿ ಅಂತ ಕೇಳಿದ್ದಿಲ್ಲ.
ಇವತ್ತಿಗೂ ನನಗ ಗೊತ್ತಿಲ್ಲ.

ಖರೇ ಇದ್ರನ ಅದು ಗೀಬತ್ತು, ಸುಳ್ಳಾದ್ರ ತೋಹಮತ್ತು:
ಬೇಸ್ತವಾರದ ತಾಲೀಮಿನ್ಯಾಗ ಆಪಾ ಹೇಳಿದ್ದು
ಆಗ ನೆನಪಾಗಲಿಲ್ಲ.
ನೆನಪಾದದ್ದು ಸಂಜೀಕ,
ಮಗ್ರಿಬಿನ ಅಜಾನಿಗೆ ಎರಡು ನಿಮಿಷ ಇದ್ದಾಗ,
ಮೌಲಾಬಿ ಬಂದು ನನ್ನ ಮುಂದ ಕುಂತು
ಸೆರಗಿನ ಗಂಟು ಬಿಚ್ಚಿ ಒಂದ ಒಂದು ಖಜೂರ ಸೀಳಿ
ಬೀಜ ತಗದು ತಿರುಳೆಲ್ಲಾ ನನಗ ಕೊಟ್ಟಾಗ.
"ಕೈ ಭಾಳ ಉರಿಯಾಕತ್ತಾವೇನು" ಅಂದು
ಹತ್ತೂ ಬೆರಳಿಗೆ ಕೊಬ್ಬರಿ ಎಣ್ಣಿ ಸವರಿದ್ಲು,
ಸಂದಿ ಸಂದಿಗೂ.

ಖಜೂರ ಬಾಯಾಗ ಇಟ್ಟೆ.
ಸತ್ತ ಒಡಹುಟ್ಟಿದವನ ಮಾಂಸ ತಿಂದಂಗ ಅಂತಾರಲ್ಲ,
ಮುಂಜಾನೆ ಹನ್ನೊಂದಕ್ಕ ಹೊಟ್ಟಿ ತುಂಬ ಉಂಡಾಕಿ ನಾನು.
ಸಂಜೀಕ ಯಾವ ಉಪಾಸ ಬಿಡಲಿ?

ರಾತ್ರಿ ನಮಾಜ್ ಮುಗಿಸಿ ಮಾತು ಹೊಂದಿಸಿದೆ:
ಅಕ್ಕಾ, ನಿನ್ನ ಬೆನ್ನ ಹಿಂದ ಹಿಂಗಿಂಗ ಅಂದೆ, ಮಾಫ್ ಮಾಡು.
ಐದು ಸಲ ಹೊಂದಿಸಿದೆ. ಸಲಸಲಕ್ಕೂ ಚಂದ ಆಕ್ಕೋತ ಹೋತು.
ಕಣ್ಣೀರು ಎಲ್ಲಿ ಬರಬೇಕು ಅನ್ನೂದೂ ಗೊತ್ತಾತು.
ಹೆದರಿಕಿ ಆತು ನನಗ.
ನಮ್ಮೂರ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ,
ದೂರದೂರಿಗೆ ತುಟಿ ಬಣ್ಣಕ್ಕಂತ ಒಯ್ತಾರಂತ.
ನನ್ನ ಮಾಫಿನೂ ಅದ ಜಾತಿದು.
ಆಕಿಗೆ ಇಲ್ಲದ ಗಾಯ ನಾನ ಒಯ್ದು ಕೊಟ್ಟು
ನಾ ಹಗುರಾಗಿ ಮನಿಗೆ ಬರೂದು, ಇದು ಯಾರ ಸಲುವಾಗಿ?

ಹೇಳಲಿಲ್ಲ.

ಮರುದಿನ ಅದ ಶೆಡ್ಡು, ಅದ ಹೆಂಗಸರು.
"ನಿನ್ನೆ ನಾ ಅಂದದ್ದು ತಪ್ಪು ನೀಲವ್ವ.
ಆಕಿ ರೋಜಾ ಆಕಿಗೂ ಅಲ್ಲಾಗೂ ಬಿಟ್ಟದ್ದು, ನಡುವ ನಂದೇನಿತ್ತು?"
ನೀಲವ್ವ ತುಂಬು ಮುರಕೋತ ಕೇಳಿದ್ಲು:
"ಹಂಗಾರ ನೀ ನೋಡಿದ್ದು ಸುಳ್ಳೇನು?"
ಹೌದು ಅಂದ್ರ ಅದು ಸುಳ್ಳು. ಅಲ್ಲ ಅಂದ್ರ ಮತ್ತ ಗೀಬತ್ತು.
ಎರಡರ ನಡುವ ನಾಲಿಗಿ ಇಡಾಕ ಜಾಗ ಹುಡುಕಿದೆ.
ಭಾಳ ಹೊತ್ತಾದ ಮ್ಯಾಲ ಅಂದೆ:
"ನನ್ನ ಬೆರಳು ಉರೀತಿದ್ವು. ಎಣ್ಣಿ ಹಚ್ಚಿದಾಕಿ ಆಕಿ."

ಅಂದು, ಇದನ್ನೂ ಹೇಳಿಬಿಡತೀನಿ,
ಮೌಲಾಬಿ ಕೇಳಿಸಿಕೊಂಡ್ಲೇನೋ ಅಂತ
ಹೊರಳಿ ನೋಡಿದೆ.

ಬಾಗಲದಾಗ ಗುಮಾಸ್ತ ಚೀಲದ ತೂಕ ಬರಕೊಳ್ಳಾಕತ್ತಿದ್ದ.
ನನ್ನ ಎಡಗಡೆ ಹೆಗಲ ಮ್ಯಾಲೂ ಒಬ್ಬ ಬರಕೊಂಡಿರಬೇಕು,
ಮಾತಲ್ಲ, ಆ ಹೊರಳಿ ನೋಡಿದ್ದನ್ನ.

ಬರಕೋ.
ಚಂದ್ರ ಲಗೂನ ಕಂಡ್ರ ಇನ್ನೂ ಹದಿನೇಳು ರೋಜಾ,
ಕಾಣದಿದ್ರ ಹದಿನೆಂಟು.
ಮುಂದಿನ ಕಾಯಿ ತಗೊಂಡೆ,
ತುಂಬಷ್ಟ ಮುರದೆ.